ಯಾವ ಕಾಲೇಜಿನವಳೂ ಅಲ್ಲದ ಆಷಾಢ

ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷದ ಫಲಿತಾಂಶ ಬಂದ ದಿನ ನಮ್ಮ ಗಣಿತದ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿನ ಬಾಗಿಲಿಗೆ ಕರೆದು, ಬೆಂಗಳೂರಿನಲ್ಲಿ ಆನರ್ಸ್ ಎಂಬುದೊಂದಿದೆ, ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಅವರು ನಿಂತುಕೊಂಡೇ ವಿವರಿಸಿದರು. ನಾವು ಓದುತ್ತಿದ್ದುದು ಪಾಸ್ ಕೋರ್ಸು. ಮೂರು ವಿಷಯ, ಮೂರನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಿದ್ದರು. ಅಲ್ಲಿ ಗಣಿತವೊಂದನ್ನೇ ಹಿಡಿದು ತಳ ಕಾಣುವವರೆಗೂ ಓದಿಸುತ್ತಾರೆ. ಇಡೀ ರಾಜ್ಯದಿಂದ ಆರಿಸಿ ತೆಗೆದ ಒಂದೇ ಕೊಠಡಿಯಷ್ಟು ಮಂದಿ. ಅವರಲ್ಲಿ ಒಬ್ಬಿಬ್ಬರು ಮೊದಲ ವರ್ಷದ ನಂತರ ಎಂಜಿನಿಯರಿಂಗಿಗೆ ಹೊರಟುಬಿಡುತ್ತಾರೆ. ಆ ಜಾಗಕ್ಕೆ ಬೇರೆ ಕಾಲೇಜಿನವರನ್ನು ನೇರವಾಗಿ ಎರಡನೆಯ ವರ್ಷಕ್ಕೆ ತೆಗೆದುಕೊಳ್ಳುವುದುಂಟು. ಈ ಸಲ ಎರಡು ಜಾಗ ಖಾಲಿಯಾಗಿದೆ.

"ಸಿಗುತ್ತಾ ಸರ್?" ಎಂದೆ.

"ಸಿಗೋದು ಕಷ್ಟ. ಕೇಳೋದಕ್ಕೇನು ಕಷ್ಟ?" ಎಂದರು. ಒಂದು ಚೀಟಿಯಲ್ಲಿ ಅರ್ಜಿ ಎಲ್ಲಿ ಸಿಗುತ್ತದೆಂದು ಬರೆದುಕೊಟ್ಟು, ಅಂದೇ ಸಂಜೆ, ಆಷಾಢಕ್ಕೆ ಮುಂಚೆ ಗೊತ್ತಾಗಿದ್ದ ತಂಗಿಯ ಮದುವೆಗೆಂದು ರಜೆ ಹಾಕಿ ಊರಿಗೆ ಹೋದರು. ಅವರು ಇನ್ನೊಂದು ವಾರ ಇದ್ದಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ.

ನಮ್ಮದು ಕೋಲಾರ ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಕಾರ್ಮಿಕರ ಸಾಲುಮನೆಗಳ ಪೈಕಿ ಒಂದು ಲೈನು ಮನೆ. ಅಪ್ಪ ಗಣಿಯ ಬಿಲ್ಲೆ ಕೋಣೆಯಲ್ಲಿ ಕೆಲಸಕ್ಕಿದ್ದರು. ಕೆಳಗಿಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಅವನ ನಂಬರು, ಅದನ್ನು ತೂಗುಹಾಕಲು ಗೋಡೆಯಲ್ಲಿ ಒಂದು ಮೊಳೆ. ಇಳಿಯುವಾಗ ತೆಗೆದುಕೊಂಡು ಹೋಗಬೇಕು, ಹತ್ತಿ ಬಂದಾಗ ವಾಪಸು ಕೊಡಬೇಕು. ಪಾಳಿ ಮುಗಿದ ಮೇಲೆ ಯಾವ ಮೊಳೆ ಖಾಲಿ ಉಳಿದಿದೆಯೋ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಒಳಗೆ ಬಂಡೆ ಸಿಡಿದ ದಿನ ಯಾರನ್ನು ಹುಡುಕಬೇಕೆಂದು ಹೇಳುತ್ತಿದ್ದುದು ಆ ಮೊಳೆಗಳೇ. ಹಾಗಾಗಿ ಅಪ್ಪನಿಗೆ ಕ್ರಮ ಎಂಬುದು ಜೀವದ ಮಾತಾಗಿತ್ತು. ಮನೆಯೂ ಹಾಗೆಯೇ ನಡೆಯುತ್ತಿತ್ತು. ಗಣಿಯ ಸೈರನ್ನಿಗೆ ನಮ್ಮಲ್ಲಿ ಸಂಗು ಅನ್ನುತ್ತಿದ್ದರು. ಸಂಗು ಕೂಗಿದರೆ ಏಳಬೇಕು, ಸಂಗು ಕೂಗಿದರೆ ಊಟಕ್ಕೆ ಕೂರಬೇಕು. ಕತ್ತರಿಗೆ ಒಂದು ಜಾಗ, ಲಾಂದ್ರಕ್ಕೆ ಒಂದು ಜಾಗ, ಚಪ್ಪಲಿಗೆ ಒಂದು ಜಾಗ. ಇದು ನನಗೆ ಯಾವತ್ತೂ ಭಾರವೆನಿಸಲಿಲ್ಲ. ಈ ವಯಸ್ಸಿನಲ್ಲೂ ನನ್ನ ಮನೆಯಲ್ಲಿ ಬೀಗದ ಕೈ ಎಲ್ಲಿ ಎಂದು ಯಾರೂ ಹುಡುಕಿದ್ದಿಲ್ಲ.

ನನ್ನ ಓದಿಗೂ ಒಂದು ಕರಾರಿತ್ತು. ಅದನ್ನು ಹಾಕಿದವರು ಅಪ್ಪನ ತಾಯಿ. ಅಜ್ಜಿ ಬೇತಮಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ, ಕೆರೆಯ ಕೆಳಗಿನ ಗದ್ದೆಯನ್ನೂ ಎರಡು ಹಸುಗಳನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿದಾಗಲೇ ಪಕ್ಕದ ಊರಿನವರು ಹೆಣ್ಣು ಕೇಳಿದ್ದರು. ಒಳ್ಳೆಯ ಮನೆತನ, ನೀರಾವರಿ ಜಮೀನು, ಹುಡುಗನಿಗೆ ಸೈಕಲ್ಲೂ ಇತ್ತು. ಅಪ್ಪ ಓದಿಸುತ್ತೇನೆಂದರು. ತಾಯಿ ಮಗ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಒಂದು ತೀರ್ಮಾನಕ್ಕೆ ಬಂದರು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಇರುವವರೆಗೆ ಮದುವೆಯ ಮಾತು ಯಾರೂ ಎತ್ತಬಾರದು. ಹೆಸರು ಹೋದರೆ, ಅಜ್ಜಿ ಹೇಳಿದ ಕಡೆಯವರು ನೋಡಲು ಬರುತ್ತಾರೆ, ಅಪ್ಪ ಅಡ್ಡ ಬರಬಾರದು. ಇಂಟರ್‌ಮೀಡಿಯಟ್ ಮುಗಿಯುವವರೆಗೂ, ಬಿ.ಎಸ್ಸಿ. ಸೇರಿದ ಮೇಲೂ ಅಜ್ಜಿ ಆ ಮಾತಿಗೆ ತಪ್ಪಲಿಲ್ಲ. ನಾನು ಹೋದಾಗೆಲ್ಲ "ಎಸ್ರು ಐತಾ?" ಎಂದು ಮಾತ್ರ ಕೇಳುತ್ತಿದ್ದರು. ಐತೆ ಎಂದರೆ ಮೊಸರು ಬಡಿಸುತ್ತಿದ್ದರು.

ಮೇಷ್ಟ್ರು ಕೊಟ್ಟ ಚೀಟಿಯನ್ನು ಅಪ್ಪನಿಗೆ ತೋರಿಸಿದೆ. ಅವರು ಹೆಚ್ಚು ಕೇಳಲಿಲ್ಲ. ದೊಡ್ಡ ಕಾಲೇಜು, ಒಳ್ಳೆಯ ಓದು, ಮೇಷ್ಟ್ರೇ ಹೇಳಿದ್ದಾರೆ, ಅಷ್ಟು ಸಾಕಿತ್ತು. ಮುಂದೆ ಏನು ಮಾಡಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಣಿಯಲ್ಲಿ ಒಬ್ಬನನ್ನು ಒಂದು ಶಾಫ್ಟಿನಿಂದ, ಅಂದರೆ ಇಳಿಯುವ ಬಾವಿಯಿಂದ, ಇನ್ನೊಂದಕ್ಕೆ ಹಾಕಿದರೆ, ಅವನು ಮೊದಲು ಹಳೆಯ ಬಿಲ್ಲೆಯನ್ನು ಒಪ್ಪಿಸಬೇಕು. ಒಪ್ಪಿಸಿದ್ದಕ್ಕೆ ಸಹಿ ತೋರಿಸಿದ ಮೇಲೆ ಹೊಸದು. ಒಂದಾಳಿಗೆ ಎರಡು ಬಿಲ್ಲೆ ಇದ್ದರೆ, ಆಪತ್ತಿನ ದಿನ ಒಬ್ಬನನ್ನೇ ಎರಡು ಕಡೆ ಹುಡುಕಬೇಕಾಗುತ್ತದೆ. ನನಗೂ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಕ್ರಮವೇ ಅದು.

ಹೀಗಾಗಿ ಅಪ್ಪ ರಜೆ ಹಾಕಿ, ಕೋಟು ತೊಟ್ಟು, ನನ್ನನ್ನು ಕರೆದುಕೊಂಡು ಹೊರಟರು. ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಚಿಕ್ಕ ರೈಲಿನಲ್ಲಿ ಕೋಲಾರಕ್ಕೆ. ಕಾಲೇಜಿನ ಆಫೀಸಿನಲ್ಲಿ ಟಿ.ಸಿ. ಕೇಳಿದೆವು. ಹೆಡ್ ಕ್ಲರ್ಕು, ಅಲ್ಲಿ ಸೀಟು ಆಯಿತೇ ಎಂದು ವಿಚಾರಿಸಿದರು. ಇಲ್ಲಿ ಬಿಟ್ಟರೆ ತಾನೆ ಅಲ್ಲಿ ಆಗೋದು ಎಂದರು ಅಪ್ಪ ಗಟ್ಟಿಯಾಗಿ. ಕ್ಲರ್ಕು ಹಾಜರಿ ಪುಸ್ತಕ ತೆಗೆದು ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಮಾರನೆಯ ದಿನ ಬೆಂಗಳೂರಿಗೆ ಹೋಗಿ ಅರ್ಜಿಯನ್ನೂ ಅದಕ್ಕೆ ಲಗತ್ತಿಸಿದ ಟಿ.ಸಿ.ಯನ್ನೂ ಕೊಟ್ಟು ಬಂದೆವು. ಅಪ್ಪ ಬರುವಾಗ ಬಹಳ ಸಮಾಧಾನದಿಂದಿದ್ದರು. ಕೆಲಸದ ಅರ್ಧ ಭಾಗ ಮುಗಿಯಿತು ಎಂದರು.

ಬಂಗಾರಪೇಟೆಯಲ್ಲಿ ಗಣಿಯ ಕಡೆ ಹೋಗುವ ನಮ್ಮ ಮಾರಿಕುಪ್ಪಂ ಗಾಡಿಗೆ ಕಾಯಬೇಕಿತ್ತು. ಅಮ್ಮನ ತಮ್ಮ ಅಲ್ಲಿನ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ನಾವು ಬರುವುದು ತಿಳಿದರೆ ಮಾವ ಎಲೆಯಲ್ಲಿ ವಡೆ ಕಟ್ಟಿಸಿಕೊಂಡು ಪ್ಲಾಟ್‌ಫಾರಂಗೆ ಬರುತ್ತಿದ್ದರು. ಅವತ್ತೂ ಬಂದರು. ಅಪ್ಪ ನಡೆದದ್ದನ್ನು ಹೇಳಿದರು. ಮಾವ ವಡೆಯನ್ನು ಬಾಯಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿದರು.

"ಏನ್ ಭಾವ ಇದು. ರಿಲೀವರ್ ಬರ್ದೆ ಸ್ಟೇಷನ್ ಬುಟ್ಟು ಓಗ್ತಾರಾ ಯಾರಾದ್ರೂ? ಬರೋನು ಬಂದು ಕುರ್ಚಿ ಮೇಲೆ ಕುಂತ್ಮೇಲೆ ತಾನೆ ಇರೋನು ಏಳೋದು?"

"ಒಂದಾಳ್ಗೆ ಎರಡು ಬಿಲ್ಲೆ ಇರಂಗಿಲ್ಲ ಕಣಯ್ಯ."

"ಇವ್ಳೇನು ಗಣಿಗಿಳೀತಾಳಾ? ಎರಡು ಬ್ಯಾಡ ಭಾವ. ಈಗ ಇವ್ಳ ಕೈಯಾಗೆ ಒಂದಾದ್ರೂ ಎಲ್ಲೈತೆ?"

ಮಾವ ನಗುತ್ತಲೇ ಕೇಳಿದ್ದು, ಆದರೆ ಕೇಳಿದ ಮೇಲೆ ಅವರ ನಗುವೂ ನಿಂತಿತು. ಅಜ್ಜಿಯ ಕರಾರು ಅವರಿಗೂ ಗೊತ್ತಿತ್ತು. ಗಾಡಿ ಬಂತು, ಹತ್ತಿದೆವು. ಊರು ಬರುವವರೆಗೂ ಅಪ್ಪ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಮೊಳೆ ಎಣಿಸುವಾಗ ಒಂದು ಹೆಚ್ಚು ಕಡಿಮೆಯಾದರೆ ಅವರ ಮುಖ ಹಾಗಾಗುತ್ತಿತ್ತಂತೆ. ನಾನು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ದಾರಿ ಪೂರ್ತಿ ಮುಚ್ಚಿರಲಿಲ್ಲ. ಕೋಲಾರದ ಪ್ರಿನ್ಸಿಪಾಲರು ಒಳ್ಳೆಯವರು. ಎರಡನೆಯ ವರ್ಷದ ದಾಖಲಾತಿ ಮುಗಿಯಲು ಇನ್ನೂ ಮೂರು ವಾರವಿದೆ, ಆ ಕೊನೆಯ ಶನಿವಾರದೊಳಗೆ ಟಿ.ಸಿ. ತಂದು ಒಪ್ಪಿಸಿದರೆ ಮತ್ತೆ ಹೆಸರು ಬರೆಸುತ್ತೇನೆಂದರು. ಆದರೆ ಬೆಂಗಳೂರಿನಲ್ಲಿ ಆಯ್ಕೆ ನಡೆಯುವುದು ಅದರ ಮುಂದಿನ ವಾರ. ಅಲ್ಲಿನ ಆಫೀಸಿಗೆ ಹೋಗಿ, ಟಿ.ಸಿ.ಯನ್ನು ಸದ್ಯಕ್ಕೆ ವಾಪಸು ಕೊಡಬಹುದೇ ಎಂದು ಕೇಳಿದೆ. ಗುಮಾಸ್ತರು ನನ್ನ ಕಾಗದಗಳನ್ನು ತಿರುವಿ ನೋಡಿ, ಇರುವ ಮನೆ ಖಾಲಿ ಮಾಡಿಕೊಂಡು ಬಾಡಿಗೆ ಮನೆ ಕೇಳುವುದಕ್ಕೆ ಬಂದಿರಾ ಎಂದು ಹಾಸ್ಯ ಮಾಡಿದರು. ಆಮೇಲೆ ನಿಯಮ ಹೇಳಿದರು: ಲಗತ್ತಿಸಿದ ಕಾಗದವನ್ನು ವಾಪಸು ಪಡೆದರೆ ಅರ್ಜಿಯನ್ನೇ ವಾಪಸು ಪಡೆದ ಹಾಗೆ.

ಅಂದರೆ ಲೆಕ್ಕ ಸ್ಪಷ್ಟವಾಗಿತ್ತು. ಶನಿವಾರದೊಳಗೆ ಟಿ.ಸಿ. ತೆಗೆದುಕೊಂಡು ಹೋದರೆ ಕೋಲಾರ ಉಳಿಯುತ್ತದೆ, ಆನರ್ಸ್ ಹೋಗುತ್ತದೆ. ಅಲ್ಲೇ ಬಿಟ್ಟರೆ ಆನರ್ಸ್ ಸಿಗಬಹುದು. ಸಿಗದಿದ್ದರೆ ಒಂದು ವರ್ಷ ಯಾವ ಕಾಲೇಜೂ ಇಲ್ಲ, ಮತ್ತು ಸೈಕಲ್ಲಿನ ಹುಡುಗನ ಕಡೆಯವರು ಬರುತ್ತಾರೆ. ಸದ್ಯಕ್ಕೆ ನನ್ನನ್ನು ಕಾಪಾಡುತ್ತಿದ್ದುದು ಆಷಾಢ ಮಾಸವೊಂದೇ. ಆಷಾಢದಲ್ಲಿ ನಮ್ಮವರು ಹೆಣ್ಣು ನೋಡುವ ಶಾಸ್ತ್ರ ಮಾಡುವುದಿಲ್ಲ.

ಮೇಷ್ಟ್ರು ರಜೆಯಿಂದ ಬಂದರು. ವಿಷಯ ತಿಳಿದು ತಲೆಯ ಮೇಲೆ ಕೈಯಿಟ್ಟುಕೊಂಡರು. ನನ್ನ ಸಾಧ್ಯತೆ ಎಷ್ಟು ಎಂದು ಅವರನ್ನು ನೇರವಾಗಿ ಕೇಳಿದೆ. ನಾನು ನಿನ್ನ ಮೇಷ್ಟ್ರು, ನನ್ನ ಮಾತಿಗೆ ಇಲ್ಲಿ ತೂಕವಿಲ್ಲ, ಪತ್ರಿಕೆ ಬಿಡಿಸಿ ತೋರಿಸು ಎಂದರು. ಬೆಂಗಳೂರಿನ ಗೆಳೆಯರೊಬ್ಬರಿಂದ ಆನರ್ಸ್ ಮೊದಲ ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟೊಂದನ್ನು ತರಿಸಿಕೊಟ್ಟರು. ಒಂದು ಷರತ್ತು ಹಾಕಿದರು: ಪರೀಕ್ಷೆಯ ಹಾಗೆ ಕುಳಿತು, ಗಡಿಯಾರ ಇಟ್ಟುಕೊಂಡು ಬರೆಯಬೇಕು. ತಾವು ಅದನ್ನು ಯಾರದೋ ಪತ್ರಿಕೆ ಎಂಬಂತೆ ತಿದ್ದುವುದಾಗಿ ಹೇಳಿದರು.

ಗಡಿಯಾರದ ಕೆಲಸವನ್ನು ಅಪ್ಪ ವಹಿಸಿಕೊಂಡರು. ತಪ್ಪಾದ ಮೇಲೆ ಅವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಈ ಕೆಲಸ ಸಿಕ್ಕಿದ್ದು ಅವರಿಗೆ ಉಸಿರು ಬಂದ ಹಾಗಾಯಿತು. ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಸಕ್ಕರೆ ಸಾಲ ಕೇಳಲು ಬಂದ ಪಕ್ಕದ ಮನೆಯ ತಮಿಳು ಅಕ್ಕನನ್ನು ಸನ್ನೆಯಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಅಮ್ಮ ಪಾತ್ರೆ ಬೆಳಗುವುದನ್ನು ಹಿತ್ತಲಿಗೆ ಸಾಗಿಸಿದರು. ಅಪ್ಪನಿಗೆ ನಾನು ಬರೆಯುತ್ತಿದ್ದುದರ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ, ಆದರೆ ಹೊತ್ತು ಅರ್ಥವಾಗುತ್ತಿತ್ತು. ಸಮಯ ಮುಗಿದ ಕ್ಷಣ ಎದ್ದು ಬಂದು, ನಾನು ಸಾಲಿನ ಮಧ್ಯದಲ್ಲಿದ್ದರೂ ಹಾಳೆ ಎಳೆದುಕೊಳ್ಳುತ್ತಿದ್ದರು. ಮೊದಲ ದಿನ ನಾನು ಕೇಳಿಕೊಂಡೆ: ಇನ್ನೊಂದೇ ಹೆಜ್ಜೆ ಅಪ್ಪ, ಉತ್ತರ ಬಂದೇಬಿಡುತ್ತೆ. "ನಾಳೆ ಬೇಗ ಬರ್ಲಿ" ಎಂದರು.

ಮೊದಲ ಪತ್ರಿಕೆಯಲ್ಲಿ ನಾನು ತೇರ್ಗಡೆಯಾಗುವುದೇ ಅನುಮಾನವೆಂದು ಮೇಷ್ಟ್ರು ಬರೆದರು. ಅಲ್ಲಿಯವರೆಗೆ ನಾನು ತರಗತಿಯಲ್ಲಿ ಮೊದಲನೆಯವಳು. ಹಾಗೆ ಯಾರೂ ನನಗೆ ಬರೆದಿರಲಿಲ್ಲ. ಆ ಹಾಳೆಯನ್ನು ಗೋಡೆಗೆ ಅಂಟಿಸಿದೆ. ತಪ್ಪಿದ ಲೆಕ್ಕಗಳನ್ನು ಬೆಳಿಗ್ಗೆ ಎದ್ದು ಮತ್ತೆ ಮಾಡುವುದು, ಸಂಜೆ ಹೊಸ ಪತ್ರಿಕೆ. ಬೇರೆ ಉಪಾಯ ನನಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಟ್ಟಿನ ಕೊನೆಯ ಪತ್ರಿಕೆ ತಿದ್ದಿ ಕೊಡುವಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಇದು ಅಲ್ಲಿ ಮೊದಲ ದರ್ಜೆ ಎಂದರು. ನಾನು ಸಂತೋಷಪಡುವ ಮೊದಲೇ ಸೇರಿಸಿದರು: ಆದರೆ ಆ ಎರಡು ಸೀಟಿಗೆ ಬರುವವರೆಲ್ಲ ಮೊದಲ ದರ್ಜೆಯವರೇ. ಬೆಂಗಳೂರು, ಮೈಸೂರಿನ ಹುಡುಗರು. ಅದನ್ನು ಮರೆತು ತೂಗಬೇಡ.

ಶನಿವಾರಕ್ಕೆ ಇನ್ನೂ ಹೊತ್ತಿದ್ದಾಗಲೇ ನಾನು ಬಸ್ಸು ಹತ್ತಿ ಅಜ್ಜಿಯ ಹತ್ತಿರ ಹೋದೆ. ಸೋತರೆ ಏನಾಗುತ್ತದೆಂದು ತಿಳಿದುಕೊಳ್ಳದೆ ತಕ್ಕಡಿ ಹಿಡಿಯುವುದು ಹೇಗೆ? ಅಜ್ಜಿ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಎಸ್ರು ಐತಾ?"

"ಇಲ್ಲ ಅಜ್ಜಿ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮಧ್ಯದಲ್ಲಿದೀನಿ."

ಹಾಲಿನ ಸದ್ದು ನಿಂತಿತು. ನಾನು ಎಲ್ಲವನ್ನೂ ಹೇಳಿದೆ. ಬಿಲ್ಲೆಯ ವಿಷಯ ಬಂದಾಗ ಅಜ್ಜಿ ನಕ್ಕರು. "ನಿಮ್ಮಪ್ಪ ಚಿಕ್ಕೋನಾಗಿದ್ದಾಗ್ಲೂ ಅಂಗೇ. ಒಂದ್ ಕರೂನ ಕಟ್ಟಿ ಬಂದು ಇನ್ನೊಂದ್ನ ಬಿಚ್ತಿದ್ದ." ಆಮೇಲೆ ನಾನು ಕೇಳಬೇಕಾದ್ದನ್ನು ಕೇಳಿದೆ. ಸೀಟು ಸಿಗದಿದ್ದರೆ ಒಂದು ವರ್ಷ ಬಿಟ್ಟುಕೊಡು, ಮುಂದಿನ ವರ್ಷ ಕೋಲಾರಕ್ಕೇ ಸೇರುತ್ತೇನೆ.

"ಆಗಾಕಿಲ್ಲ ಕಣಮ್ಮಿ. ಇಷ್ಟ್ ವರ್ಸ ನಾನು ಬಾಯಿ ಬಿಟ್ಟೆನಾ? ಬಿಡ್ನಿಲ್ಲ. ಮಾತಂದ್ರೆ ಮಾತು. ನಿಂಗೂ ಅಷ್ಟೇ. ಆಷಾಡ ಕಳೀಲಿ. ಎಸ್ರು ಇದ್ರೆ ನಾನು ಮೊಸ್ರು ಬಡುಸ್ತೀನಿ. ಇಲ್ದಿದ್ರೆ ಅವ್ರನ್ನ ಬರೇಳ್ತೀನಿ."

"ಆ ಹುಡುಗ ಇನ್ನೂ ಕಾಯ್ತಿದಾನಾ?"

"ಕಾಯ್ತಾವ್ನೆ. ಸೈಕಲ್ಲು ಅಳೇದಾಯ್ತು, ಆದ್ರೂ ಕಾಯ್ತಾವ್ನೆ."

ನನಗೂ ನಗು ಬಂತು. ಕೋಪ ಬರಲಿಲ್ಲ. ಅಜ್ಜಿ ಒಪ್ಪಿಬಿಟ್ಟಿದ್ದರೆ ನಾನು ಅವರನ್ನು ಅಷ್ಟು ಗೌರವಿಸುತ್ತಿದ್ದೆನೋ ಇಲ್ಲವೋ. ಕರಾರಿಗೆ ನಾನೂ ಒಪ್ಪಿದವಳೇ, ಅದರ ಲಾಭವನ್ನು ಇಷ್ಟು ವರ್ಷ ಉಂಡವಳೇ.

ಶುಕ್ರವಾರ ಸಂಜೆ ಅಪ್ಪ ಸ್ಟೂಲನ್ನು ಬಾಗಿಲ ಬಳಿ ಹಾಕದೆ ನನ್ನ ಎದುರಿಗೆ ಹಾಕಿಕೊಂಡು ಕುಳಿತರು. ಮನೆಯಲ್ಲಿ ಎಲ್ಲವನ್ನೂ ತೀರ್ಮಾನಿಸುತ್ತಿದ್ದವರು ಅವರು. ಅವತ್ತು ತೀರ್ಮಾನವನ್ನು ನನ್ನ ಕೈಗೆ ಕೊಟ್ಟರು.

"ತಪ್ಪು ನಂದು ಮಗಾ. ಅದ್ಕೆ ನೀನು ತಲೆ ಕೊಡ್ಬೇಡ. ವಾಪಸ್ ತರಾನ ಅಂದ್ರೆ ನಾಳೆ ಮೊದಲ್ನೇ ಗಾಡಿಗೆ ಓಗಾನ. ಅಲ್ಲೇ ಇರ್ಲಿ ಅಂದ್ರೆ ಇರ್ಲಿ. ನೀನೇಳು."

ಆ ಕೊನೆಯ ಪತ್ರಿಕೆ ನನ್ನ ಮುಂದಿತ್ತು. ಎಷ್ಟು ಜನ ಬರುತ್ತಾರೋ ನನಗೆ ತಿಳಿಯದು. ಅವರ ಬಗ್ಗೆ ಲೆಕ್ಕ ಹಾಕುವುದು ಸಾಧ್ಯವಿರಲಿಲ್ಲ. ನನ್ನ ಬಗ್ಗೆ ಹಾಕಬಹುದಿತ್ತು. ಕೆಲವೇ ವಾರಗಳ ಹಿಂದೆ ತೇರ್ಗಡೆಯಾಗದವಳು ಈಗ ಅಲ್ಲಿನ ಮೊದಲ ದರ್ಜೆಗೆ ಬಂದಿದ್ದೇನೆ, ಯಾರ ಕೃಪೆಯೂ ಇಲ್ಲದೆ. ಈಗ ಹಿಂದಿರುಗಿದರೆ ಕೋಲಾರದಲ್ಲಿ ಮತ್ತೆ ಮೊದಲನೆಯವಳಾಗಿರುತ್ತೇನೆ. ಆ ಮೊದಲ ಸ್ಥಾನ ಎಷ್ಟಕ್ಕೆ ಬಾಳುತ್ತದೆ ಎಂದು ಈಗ ನನಗೆ ಗೊತ್ತಾಗಿಬಿಟ್ಟಿತ್ತು. ಸೋತು ಮದುವೆಯಾದರೆ ದುಃಖವಾಗುತ್ತದೆ. ಪ್ರಯತ್ನಿಸದೆ ಹಿಂದಿರುಗಿದರೆ ನಾಚಿಕೆಯಾಗುತ್ತದೆ. ದುಃಖವನ್ನು ತಡೆಯಬಲ್ಲೆ ಎನಿಸಿತು.

"ಅಲ್ಲೇ ಇರ್ಲಿ ಅಪ್ಪ" ಎಂದೆ.

ಅಪ್ಪ ತಲೆಯಾಡಿಸಿ ಎದ್ದು, ಅಂಗಿ ಹಾಕಿಕೊಂಡು ಅಂದಿನ ರಾತ್ರಿ ಪಾಳಿಗೆ ಹೋದರು. ಶನಿವಾರ ಎಂದಿನಂತೆ ಬಂದು ಹೋಯಿತು. ಅಂದು ಬೆಳಿಗ್ಗೆ ಬಂಗಾರಪೇಟೆಗೆ ಹೋಗುವ ಗಾಡಿಯ ಸದ್ದು ಕೇಳಿದಾಗ ಅಮ್ಮ ಒಮ್ಮೆ ನನ್ನ ಮುಖ ನೋಡಿದರು. ನಾನು ಅಕ್ಕಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಆಯ್ಕೆಯ ದಿನ ಬೆಂಗಳೂರಿನ ಆ ಕಲ್ಲಿನ ಕಟ್ಟಡದ ಮೊಗಸಾಲೆ ತುಂಬ ಹುಡುಗರು. ಹುಡುಗಿಯರು ನಾವಿಬ್ಬರೇ. ಇನ್ನೊಬ್ಬಳು ನನ್ನ ಜಡೆಯ ರಿಬ್ಬನ್ನನ್ನು ನೋಡಿ ಯಾವ ಊರೆಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಚಿನ್ನ ಹಾಕಿಕೊಂಡಿಲ್ಲವಲ್ಲ ಎಂದಳು. ಅಗೆಯುವವರು ಹಾಕಿಕೊಳ್ಳುವುದಿಲ್ಲ ಎಂದೆ. ಆಮೇಲೆ ಇಬ್ಬರೂ ಸ್ನೇಹದಿಂದಲೇ ಕುಳಿತೆವು. ಅಪ್ಪ ಕೆಳಗೆ ಮರದ ನೆರಳಲ್ಲಿ ಬ್ಯಾಗು ಹಿಡಿದು ನಿಂತಿದ್ದರು.

ಒಳಗೆ ಮೂವರು ಅಧ್ಯಾಪಕರು. ಮಧ್ಯದಲ್ಲಿದ್ದ ಪ್ರೊಫೆಸರು ವಯಸ್ಸಾದವರು, ಕ್ಲೋಸ್ ಕೋಟು, ಮೃದು ದನಿ. ಹಲಗೆಯ ಮೇಲೆ ಒಂದು ಲೆಕ್ಕ ಬರೆದು, ಹತ್ತು ನಿಮಿಷ ಎಂದರು. ನಾನು ಗೋಡೆಯ ಗಡಿಯಾರವನ್ನು ನೋಡಿಕೊಂಡು ಶುರು ಮಾಡಿದೆ. ಲೆಕ್ಕ ಉದ್ದವಾಗಿತ್ತು. ಮೊದಲು ಒಂದು ದಾರಿ ಹಿಡಿದು, ಅದು ಎಲ್ಲಿಗೂ ಹೋಗದೆಂದು ಕಂಡು, ಅಳಿಸಿ, ಇನ್ನೊಂದು ಹಿಡಿದೆ. ಎರಡನೆಯದು ಸರಿಯಾದ ದಾರಿ. ಕೊನೆಯ ಭಾಗಕ್ಕೆ ಬಂದಿದ್ದೆ. ಸಮಚಿಹ್ನೆ ಬರೆದು ಮುಂದಿನದನ್ನು ಬರೆಯಬೇಕು, ಮುಳ್ಳು ಹತ್ತು ನಿಮಿಷಕ್ಕೆ ಬಂತು. ನನ್ನ ಕೈ ತಾನಾಗಿಯೇ ಸೀಮೆಸುಣ್ಣವನ್ನು ಕೆಳಗಿಟ್ಟಿತು.

ಯಾಕೆ ನಿಲ್ಲಿಸಿದೆ ಎಂದು ಪ್ರೊಫೆಸರು ಕೇಳಿದರು. ಸಮಯ ಆಯಿತು ಎಂದೆ. ಅವರು ಗಡಿಯಾರದ ಕಡೆ ತಿರುಗಿ ನೋಡಿ, ಪಕ್ಕದವರ ಕಡೆ ನೋಡಿ, ಉಳಿದದ್ದನ್ನು ಬಾಯಲ್ಲಿ ಹೇಳು ಎಂದರು. ಹೇಳಿದೆ. ಮುಂದಿನ ಹೆಜ್ಜೆ, ಅದರ ಮುಂದಿನದು, ಉತ್ತರ. ಅಷ್ಟರಲ್ಲಿ ನನಗೆ ಉತ್ತರ ಅದೇ ಏಕೆ ಆಗಬೇಕೆಂಬುದೂ ಕಾಣಿಸಿತ್ತು. ಕೇಳದಿದ್ದರೂ ಅದನ್ನೂ ಹೇಳಿದೆ. ಆಮೇಲೆ ಇನ್ನೆರಡು ಪ್ರಶ್ನೆ ಬಂದವು. ಒಂದಕ್ಕೆ ಉತ್ತರ ಕೊಟ್ಟೆ. ಇನ್ನೊಂದು ನಾನು ಓದದ ಭಾಗದ್ದು, ಹಾಗೆಯೇ ಹೇಳಿದೆ.

ಕೊನೆಗೆ ಅವರು ನನ್ನ ಕಾಗದಗಳನ್ನು ನೋಡುತ್ತ ಕನ್ನಡಕ್ಕೆ ತಿರುಗಿದರು.

"ಟಿ.ಸಿ. ಆಗಲೇ ತಂದುಬಿಟ್ಟಿದ್ದೀಯ. ಅಷ್ಟು ಖಾತ್ರಿ ಇತ್ತೇನಮ್ಮ?"

"ಇಲ್ಲ ಸರ್. ತಂದದ್ದು ತಪ್ಪು ತಿಳಿವಳಿಕೆಯಿಂದ. ಹೋದ ಶನಿವಾರದವರೆಗೂ ವಾಪಸು ತಗೊಳ್ಳೋ ಅವಕಾಶ ಇತ್ತು. ಬೇಕು ಅಂತಲೇ ತಗೊಳ್ಳಲಿಲ್ಲ."

ಅವರು ಕಾಗದಗಳನ್ನು ಜೋಡಿಸಿ ಪಕ್ಕಕ್ಕಿಟ್ಟರು. ಹೋಗಬಹುದು ಎಂದು ಕೈ ಮಾಡಿದರು.

ಸಂಜೆ ಗುಮಾಸ್ತರು ಒಂದು ಹಾಳೆಯನ್ನು ತಂದು ಹಲಗೆಗೆ ಅಂಟಿಸಿದರು. ಹುಡುಗರೆಲ್ಲ ಮುನ್ನುಗ್ಗಿದರು. ನಾನು ಕಂಬದ ಹತ್ತಿರವೇ ನಿಂತೆ. ಅಪ್ಪ ಹೋದರು. ಅವರು ಇಂಗ್ಲಿಷ್ ಓದಿದವರಲ್ಲ, ಆದರೆ ಇಂಗ್ಲಿಷಿನಲ್ಲಿ ಬರೆದ ಹೆಸರುಗಳನ್ನು ಓದುವುದು ಅವರ ಹೊಟ್ಟೆಪಾಡು. ಗುಂಪಿನ ಹಿಂದೆ ನಿಂತು, ಕತ್ತು ಎತ್ತಿ, ಮೇಲಿನಿಂದ ಕೆಳಕ್ಕೆ ಒಮ್ಮೆ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಓದಿದರು. ಹಾಳೆಯಲ್ಲಿದ್ದುದು ಎರಡೇ ಹೆಸರು. ಹಿಂದಿರುಗಿ ಬಂದು ನನ್ನ ಮುಂದೆ ನಿಂತರು.

"ಮೊದಲ್ನೇದು ನಿಂದು" ಎಂದರು.

ಗಾಡಿಯಲ್ಲಿ ಅಪ್ಪ ನಿದ್ದೆ ಹೋದರು. ಬಂಗಾರಪೇಟೆ ಬಂದಾಗ ಮಾವ ಪ್ಲಾಟ್‌ಫಾರಂ ಮೇಲೆ ಡಬ್ಬಿಯಿಂದ ಡಬ್ಬಿಗೆ ಓಡುತ್ತ ಕಿಟಕಿಗಳೊಳಗೆ ಇಣುಕುತ್ತಿದ್ದರು. ನನ್ನ ಮುಖ ಕಂಡೇ ಅವರಿಗೆ ತಿಳಿಯಿತು. ನನ್ನ ತಲೆ ಸವರಿ, ಪಕ್ಕದಲ್ಲಿ ನಿಂತಿದ್ದ ಪೋರ್ಟರನಿಗೂ ಹೇಳಿ, ಆಮೇಲೆ ಅಪ್ಪನ ಕಡೆ ತಿರುಗಿದರು.

"ಆದ್ರೂ ಭಾವ, ನೀನು ಮಾಡಿದ್ದು ತಪ್ಪೇ."

"ತಪ್ಪೇ ಕಣಯ್ಯ. ಯಾರಿಲ್ಲ ಅಂದ್ರು?" ಎಂದರು ಅಪ್ಪ. "ನಾನು ತಪ್ಪು ಮಾಡ್ದೆ, ಅವ್ಳು ಸರಿ ಮಾಡಿದ್ಲು."

ನನ್ನ ಮುಂದೆ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ನನಗೆ ಆಮೇಲೆ ಎಂ.ಎಸ್ಸಿ.ಯಲ್ಲಿ ಪದಕ ಬಂತು, ಜೀವಮಾನವಿಡೀ ಗಣಿತ ಕಲಿಸಿ ನಿವೃತ್ತಳಾದೆ, ಸನ್ಮಾನಗಳೂ ಆದವು. ಆ ಪ್ಲಾಟ್‌ಫಾರಂ ಮೇಲಿನ ಮಾತನ್ನು ಅವುಗಳ ಮೇಲೆ ಇಡುತ್ತೇನೆ.

ಶ್ರಾವಣ ಹುಟ್ಟಿದ ವಾರದಲ್ಲಿ ಅಜ್ಜಿ ಬಸ್ಸಿಳಿದು ನಮ್ಮ ಮನೆಗೆ ಬಂದರು. ಅಪ್ಪ ಹೇಳಿಕಳಿಸಿದ್ದರೂ ಸ್ವತಃ ಕೇಳಬೇಕೆಂದು ಬಂದದ್ದು. ಹಾಜರಿ ಪುಸ್ತಕದಲ್ಲಿ ಹೆಸರು ಬರೆದದ್ದನ್ನು ನೀನೇ ಕಣ್ಣಾರೆ ಕಂಡೆಯಾ ಎಂದು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಇನ್ನೆಷ್ಟು ವರ್ಷ ಎಂದರು. ಎರಡು, ಆಮೇಲೆ ಎಂ.ಎಸ್ಸಿ. ಎಂದೆ. ಅಜ್ಜಿ ಅಮ್ಮನ ಕಡೆ ನೋಡಿದರು, ಅಪ್ಪನ ಕಡೆ ನೋಡಿದರು, ಚೀಲದಿಂದ ಮೊಸರಿನ ಕುಡಿಕೆ ತೆಗೆದು ನನ್ನ ಮುಂದಿಟ್ಟರು. ಸೈಕಲ್ಲಿನ ಹುಡುಗನಿಗೆ ಮುಳಬಾಗಿಲು ಕಡೆಯ ಹೆಣ್ಣನ್ನು ತಾವೇ ಗೊತ್ತು ಮಾಡಿ ಬಂದಿರುವುದಾಗಿಯೂ, ಅವಳಿಗೆ ಮೊಸರು ಕಡೆಯಲು ನನಗಿಂತ ಚೆನ್ನಾಗಿ ಬರುತ್ತದೆಂದೂ ತಿಳಿಸಿದರು.

ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆಂದು ಬೆಂಗಳೂರು ಗಾಡಿಗೆ ಹೊರಟಾಗ ಅಜ್ಜಿ ನಮ್ಮ ಲೈನಿನ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತಿದ್ದರು. ಸುತ್ತ ನೀರಿಗೆ ಬಂದ ಹೆಂಗಸರು. ನಾನು ಪುಸ್ತಕ ಹಿಡಿದು ಸರಸರನೆ ಅವರನ್ನು ದಾಟಿ ಹೋದೆ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಜ್ಜಿ ಅವರಿಗೆಲ್ಲ ವಿವರಿಸುತ್ತಿದ್ದುದು ಬೆನ್ನ ಹಿಂದೆ ಕೇಳುತ್ತಿತ್ತು: ರಾಜ್ಯದಾಗೆಲ್ಲ ಆರ್ಸಿ ಎರಡೇ ಜನ ತಗೊಂಡ್ರಂತೆ, ಅದ್ರಾಗೆ ಮೊದಲ್ನೇದು ನಮ್ಮುಡುಗಿ. ನಾನು ಹೆಜ್ಜೆ ನಿಧಾನ ಮಾಡಲಿಲ್ಲ. ನಾನು ಸೇರುವ ಹೊತ್ತಿಗೆ ಆನರ್ಸ್ ತರಗತಿ ಶುರುವಾಗಿ ಆಗಲೇ ಕೆಲವು ವಾರಗಳಾಗಿದ್ದವು, ಕಲಿಯಬೇಕಾದದ್ದು ಬಹಳ ಬಾಕಿ ಇತ್ತು.